ಜಗಳಕ್ಕೆ ಕರೆದಿದ್ದರು

ಚಿಕ್ಕಮಗಳೂರು ಬಸ್‌ಸ್ಟ್ಯಾಂಡಿನಲ್ಲಿ ಕಳಸದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನ ಮಾತನ್ನು ನಾನೇನೂ ಕದ್ದು ಕೇಳಲಿಲ್ಲ; ಆ ಹೆಂಗಸಿನ ದನಿಯೇ ಅಷ್ಟು ದೊಡ್ಡದು. ಜೊತೆಗಿದ್ದವಳು ಅವರನ್ನು ಸರ್ವಮಂಗಳಕ್ಕ ಎನ್ನುತ್ತಿದ್ದಳು.

“ಹೋಟೆಲಲ್ಲಿ ಟ್ರೈನಿಂಗ್ ಕಣೇ ರಜನಿ. ಹೊರದೇಶದ ಆಫೀಸರ್‌ಗಳು. ಬ್ಯಾಂಕ್ ಮುಳುಗಿದ್ರೆ ಜನಕ್ಕೆ ವಿಮೆ ದುಡ್ಡು ಹೇಗೆ ಕೊಡೋದು ಅಂತ ಕಲೀಲಿಕ್ಕೆ ಬಂದಿದಾರೆ.”

“ಅಲ್ಲಿ ನಿಮಗೇನಕ್ಕ ಕೆಲಸ?”

“ನಮ್ಮ ಬ್ಯಾಂಕ್ ಮುಳುಗಿ, ಇಟ್ಟ ದುಡ್ಡು ವಿಮೇಲಿ ವಾಪಸ್ ಬಂತಲ್ಲ? ಅಂಥವರನ್ನೇ ಕರೆಸಿ, ಕೌಂಟರ್ ಮುಂದೆ ಜಗಳ ಆಡಿ ಅಂದ್ರು. ನಾಟಕದ ಹಾಗೆ.”

“ಆಡಿದ್ರಾ?”

“ಬೆಳಿಗ್ಗೆ ಚೆನ್ನಾಗೇ ಆಡ್ದೆ. ನೇಪಾಳದವನೊಬ್ಬ ಮುಖ ಕೂಡ ನೋಡ್ದೆ ಪಾಸ್‌ಬುಕ್ ಎಲ್ಲಿ ಅಂದ. ‘ಮೊದ್ಲು ನಿಮ್ಮ ದುಡ್ಡು ಬರುತ್ತೆ ಅನ್ನು, ಆಮೇಲೆ ಪಾಸ್‌ಬುಕ್ ಕೇಳು’ ಅಂತ ಬೈದೆ.”

“ಅವನಿಗೆ ಅರ್ಥ ಆಗ್ಬೇಕಲ್ಲ!”

“ಟ್ರೈನಿಂಗ್ ಕೊಡೋ ಮೇಡಂ ಒಬ್ರು ಅವನಿಗೆ ಇಂಗ್ಲಿಷಲ್ಲಿ ಹೇಳಿದ್ರು. ಊಟ ಆದ್ಮೇಲೆ ಮತ್ತೆ ಹೋದೆ. ಅವನೇ ಎದ್ದು ಬಂದು ಕುರ್ಚಿ ಎಳೆದು ಹಾಕಿ, ‘ಕೂತ್ಕೊಳ್ಳಿ ಅಮ್ಮ, ನಿಮ್ಮ ದುಡ್ಡು ಬರುತ್ತೆ’ ಅಂದ. ಕನ್ನಡದಲ್ಲೇ!”

“ಆಗ ಹೇಗೆ ಬೈದ್ರಿ?”

“ಎಲ್ಲಿ ಬೈಯೋದು ಮಾರಾಯ್ತಿ, ಆ ಕುರ್ಚೀಲಿ ಕೂತೇಬಿಟ್ಟೆ. ಆವಾಗ ನಮ್ಮ ಬ್ಯಾಂಕಿನ ಬಾಗಿಲಲ್ಲಿ ಮೂರು ದಿನ ನಿಂತಿದ್ದೆ. ಈ ಒಂದು ಮಾತು ಯಾರೂ ಹೇಳಿರ್ಲಿಲ್ಲ.”

ಮೂಡಿಗೆರೆ ಬಸ್ಸು ಬಂತು. ಇಬ್ಬರೂ ಎದ್ದರು.

“ನಾಳೆನೂ ಹೋಗ್ಬೇಕಾ?”

“ಹೂಂ. ನಾಳೆ ನಾನು ಕೌಂಟರ್ ಒಳಗೆ ಕೂರೋದಂತೆ. ಅವರು ಬಂದು ಜಗಳ ಆಡೋದಂತೆ.”

“ಅಯ್ಯೋ, ಏನು ಮಾಡ್ತೀರಕ್ಕ?”

ಸರ್ವಮಂಗಳಕ್ಕ ಮೆಟ್ಟಿಲು ಹತ್ತುತ್ತಾ ನಕ್ಕರು.

“ಆಡ್ಲಿ. ಮೊದ್ಲು ಕುರ್ಚಿ ಕೊಡ್ತೀನಿ.”