ನೆಫಿನ್ ಬೆಟ್ಟ ಎಡಕ್ಕೆ

ನವೆಂಬರಿನ ಕೊವೆಂಟ್ರಿಯಲ್ಲಿ ಮಧ್ಯಾಹ್ನವೆಂಬುದು ಬಂದ ಕಾಲಲ್ಲೇ ಕೋಟು ಹಾಕಿಕೊಂಡು ಹೊರಟುಬಿಡುವ ನೆಂಟ. ಮೂರೂಮುಕ್ಕಾಲಿಗೆಲ್ಲ ಬೀದಿದೀಪ ಹತ್ತಿದ್ದವು, ಮಳೆ ಹಿಡಿದಿತ್ತು. ಪ್ರತೀಕ್ಷಾ ಮತ್ತು ಅವಳ ಸಹಪಾಠಿ ಮಿಥುನ್ ಬಂದದ್ದು ನಾರಾಯಣಸ್ವಾಮಿಯವರ ಮನೆಯ ಗ್ರೈಂಡರು ಒಯ್ಯಲಿಕ್ಕೆ. ಕಾರು ಕಾರ್ಖಾನೆಯಲ್ಲಿ ಆಯಸ್ಸು ಸವೆಸಿದ, ಮೈಸೂರು ಕಡೆಯ ಆ ಮುದುಕರು ಮನೆ ಮಾರಿ ಜನವರಿಗೆ ಲೀಡ್ಸಿನ ಮಗಳ ಹತ್ತಿರ ಹೋಗುವವರಿದ್ದರು. ಗ್ರೈಂಡರು ಕೈಗೆ ಬಂತು, ಬಸ್ಸು ಬರಲಿಲ್ಲ. ಮತ್ತೊಂದು ಸುತ್ತು ಕಾಫಿಯಾಯಿತು.

"ಮಳೆ ಇದೆ, ಕತ್ತಲೆ ಇದೆ, ಹಳೇ ಮನೆ ಇದೆ... ದೆವ್ವ ಒಂದು ಕಮ್ಮಿ," ಎಂದ ಮಿಥುನ್.

"ಕಮ್ಮಿ ಅಂತ ಯಾರು ಹೇಳಿದ್ದು?" ಎಂದರು ನಾರಾಯಣಸ್ವಾಮಿ. ಅವರ ಮುಖದಲ್ಲಿ ನಗುವಿರಲಿಲ್ಲ. ಪ್ರತೀಕ್ಷಾ ಲೋಟ ಕೆಳಗಿಟ್ಟಳು.

"ಮೇಲಿನ ರೂಮಲ್ಲಿ ಮಾರ್ಟಿನ್ ಲಾಫ್ಟಸ್ ಅಂತ ಒಬ್ಬ ಬಾಡಿಗೆಗಿದ್ದ ಕಣಮ್ಮ. ಒಂದು ವರ್ಷ, ಎರಡು ವರ್ಷ ಅಲ್ಲ, ಇಪ್ಪತ್ತಾರು ವರ್ಷ. ಐರ್ಲೆಂಡಿನ ಮೇಯೋ ಕೌಂಟಿಯವನು... ನಮ್ಮ ಜಿಲ್ಲೆ ಇದ್ದ ಹಾಗೆ ಅಂದ್ಕೊಳ್ಳಿ. ಹದಿನಾರಕ್ಕೇ ಇಲ್ಲಿಗೆ ಬಂದು ರಸ್ತೆ ಅಗೆದೋನು. ಆ ಸೀಮೇಲಿ ಕಲ್ಲು ಜಾಸ್ತಿ, ಮಣ್ಣು ಕಮ್ಮಿ, ಮಳೆ ಅಂತೂ... ಇದೇನು ಮಳೆ, ಅಲ್ಲೀದರ ಮುಂದೆ ಇದು ತೀರ್ಥದ ಉದ್ಧರಣೆ. ಅವರಜ್ಜನ ಅಜ್ಜನ ಕಾಲದಲ್ಲಿ ಆಲೂಗಡ್ಡೆ ನೆಲದಲ್ಲೇ ಕೊಳೆತು ಊರಿಗೆ ಊರೇ ಹಸಿವಿಂದ ಸತ್ತಿತ್ತಂತೆ. ಆಗ ಹಾಕಿದ ಸಾಲುಗಳು ಇವತ್ತಿಗೂ ಗುಡ್ಡದ ಮೈಮೇಲೆ ಹುಲ್ಲಿನಡಿ ಕಾಣ್ತವಂತೆ, ಬಾಚಿದ ತಲೆ ಹಾಗೆ. ಬಿತ್ತಿದೋರು ಎಲ್ಲಿ ಹೋದ್ರು? ಅರ್ಧ ಮಣ್ಣಿಗೆ, ಅರ್ಧ ಹಡಗಿಗೆ."

ಬಂದ ಹೊಸತರಲ್ಲಿ ಮಾರ್ಟಿನ್ ಬಾಗಿಲಲ್ಲಿ ನಿಂತು 'ಐಯಾಮ್ ಆಫ್' ಎನ್ನುತ್ತಿದ್ದನಂತೆ. ನಾರಾಯಣಸ್ವಾಮಿಯವರ ಹೆಂಡತಿ ಲೀಲಾವತಿಗೆ ಎದೆ ಧಸಕ್ಕೆನ್ನುತ್ತಿತ್ತು. ಹೊಸಿಲ ಮೇಲೆ ನಿಂತು ಯಾರಾದರೂ 'ಹೋಗ್ತೀನಿ' ಅನ್ನುತ್ತಾರೆಯೇ? ಪಟ್ಟು ಹಿಡಿದು ಕಲಿಸಿದ್ದಳು. ಮುದುಕರು ದವಡೆ ಮುಂದೆ ಚಾಚಿ, ಮೂಗಿನಿಂದ ಅರ್ಧ, ಹೊಟ್ಟೆಯಿಂದ ಅರ್ಧ ದನಿ ತೆಗೆದರು: "'ಹೋಗ್ ಬರ್ಟೀನಿ, ಮಿಸೆಸ್.' ಕುದುರೆ ಜೂಜಿನ ಅಂಗಡಿಗೆ ಹೋಗೋಕೂ ಅದೇ. ನಾವು 'ಹೋಗಿ ಬಾ' ಅನ್ನೋವರೆಗೂ ಕದಲ್ತಿರಲಿಲ್ಲ."

ಪ್ರತೀಕ್ಷಾಗೆ ನಗು ಬಂತು. ಮುದುಕರು ತಮ್ಮ ದನಿಗೆ ಮರಳಿದರು.

"ಆದ್ರೆ ಊರಿಗೆ ಮಾತ್ರ ಹೋಗಲೇ ಇಲ್ಲ. ತಾಯಿ ಸತ್ತ ಸುದ್ದಿ ಬರೋಷ್ಟರಲ್ಲಿ ಮಣ್ಣಾಗಿತ್ತು. ಇನ್ನು ಯಾವ ಮುಖ ಹೊತ್ತು ಹೋಗಲಿ ಅಂದ. ಆಮೇಲೆ ವಯಸ್ಸಾಯ್ತು, ಮರೆವು ಬಂತು. ಜಿಪಿ ಡಾಕ್ಟರೂ ಕೈಚೆಲ್ಲಿದ್ರು. ಸಂಜೆ ನಾಲ್ಕಾಯ್ತು ಅಂದ್ರೆ ಕೋಟು ಟೋಪಿ ಹಾಕ್ಕೊಂಡು ಮೆಟ್ಟಿಲ ಕೆಳಗೆ ನಿಲ್ಲೋನು. ಕತ್ತಲಾಗೋದ್ರೊಳಗೆ ಮನೆ ಸೇರಬೇಕು, ದಾರಿ ಯಾವುದು ಅಂತ ಕೇಳೋನು. ಇದೇ ನಿನ್ನ ಮನೆ ಅಂದ್ರೆ ಅಳೋನು... ಎಪ್ಪತ್ತು ದಾಟಿದ ಗಂಡಸು, ಮಗು ಹಾಗೆ. ಏನ್ ಮಾಡ್ತೀರಿ? ಅವನೇ ನೂರು ಸಲ ವರ್ಣಿಸಿದ್ದ ದಾರಿನ ಅವನಿಗೇ ಹೇಳೋಕೆ ಶುರು ಮಾಡ್ದೆ."

ಕಿಟಕಿಯ ಗಾಜಿನ ಮೇಲೆ ಮಳೆ ಜೋರಾಯಿತು. ಅವರು ಕಣ್ಣು ಮುಚ್ಚಿದರು.

"ಫಾಕ್ಸ್‌ಫರ್ಡ್ ಸ್ಟೇಷನ್ನಲ್ಲಿ ಇಳೀಬೇಕು. ಮಾಯ್ ನದಿ ಸದ್ದು ಬೆನ್ನ ಹಿಂದಾಗೋವರೆಗೂ ನಡೀಬೇಕು. ಮುಂದೆ ಎರಡು ಲಾಫು... ನಗು ಅಲ್ಲಪ್ಪ ಮಿಥುನ್, ಲಾಫ್ ಅಂದ್ರೆ ಅವರಲ್ಲಿ ಸರೋವರ... ಎರಡರ ಮಧ್ಯೆ ಕಲ್ಲಿನ ಸೇತುವೆ. ದಾಟಿ ತಿರುಗಿದ್ರೆ ಬಲಕ್ಕೆ ಲಾಫ್ ಕಾನ್, ಸಮುದ್ರದ ಹಾಗೆ. ಎಡಕ್ಕೆ ನೆಫಿನ್ ಬೆಟ್ಟ, ತಲೆ ಮೇಲೆ ಯಾವಾಗ್ಲೂ ಮೋಡ. ನೆಫಿನ್ ಎಡಕ್ಕೇ ಇರಬೇಕು, ತಪ್ಪಬಾರದು. ಲಹರ್ಡಾನ್ ಊರಿಗೆ ಮೊದಲೇ ಒಂಟಿ ಮುಳ್ಳುಗಿಡ, ಯಾರೂ ಕಡಿಯೋದಿಲ್ಲ ಅದನ್ನ. ಅಲ್ಲಿ ಕಲ್ಲುಗೋಡೆಗಳ ನಡುವೆ ಕಾಲುದಾರಿ... ಕೊನೇಲಿ ಹಸಿರು ಬಾಗಿಲು. ಒಳಗೆ ಒಲೆ ಉರೀತಿದೆ."

ಅಷ್ಟು ಹೇಳಿದರೆ ಮಾರ್ಟಿನ್ ಸಮಾಧಾನದಿಂದ ಕೋಟು ಬಿಚ್ಚುತ್ತಿದ್ದನಂತೆ. ಕೊನೆಯ ದಿನವೂ ಹಾಸಿಗೆಯ ಪಕ್ಕ ಕೂತು ಅದೇ ದಾರಿ ಹೇಳಿದ್ದರು. ಹೊರಗೆ ಮಳೆ, ಗಂಟೆ ನಾಲ್ಕು. ಹಸಿರು ಬಾಗಿಲಿಗೆ ಬರುವಷ್ಟರಲ್ಲಿ ಉಸಿರು ನಿಂತಿತು.

"ತಲುಪಿಬಿಟ್ಟಿದ್ದ ಕಣಮ್ಮ. ಬಾಗಿಲಿಗೆ ಕೈ ಇಟ್ಟಿದ್ದ. ನಾನು ಏನು ಮಾಡ್ದೆ ಗೊತ್ತಾ? ಇಪ್ಪತ್ತಾರು ವರ್ಷದ ಅಭ್ಯಾಸ... ಕೆನ್ನೆ ತಟ್ಟಿ, 'ಹೋಗಿ ಬಾ, ಮಾರ್ಟಿನ್' ಅಂದೆ. ಲೀಲಾವತಿ ಬಾಗಿಲಲ್ಲಿ ನಿಂತಿದ್ದಳು. 'ಏನ್ರೀ ಅಂದ್ರಿ? ಹೋದ ಜೀವಕ್ಕೆ ಬಾ ಅಂತಾರೇನ್ರೀ?' ಅಂದಳು."

ಅಜ್ಜ ತೀರಿಕೊಂಡಾಗ ನೆಂಟರೆಲ್ಲ ಒಂದು ಮಾತೂ ಆಡದೆ ಅಂಗಳದಿಂದ ಸರಿದುಹೋದದ್ದು ಪ್ರತೀಕ್ಷಾಗೆ ನೆನಪಾಯಿತು. ಸಾವಿನ ಮನೆಯಲ್ಲಿ 'ಬರ್ತೀವಿ' ಅನ್ನಬಾರದೆಂದು ಅಮ್ಮ ಅವಳ ಬಾಯಿಗೆ ಅಂಗೈ ಅಡ್ಡ ಹಿಡಿದಿದ್ದಳು.

"ಮೂರನೇ ದಿನ ಬಂದ. ನಾಲ್ಕು ಗಂಟೆಗೆ, ಮೆಟ್ಟಿಲ ಕೆಳಗೆ, ತೊಟ್ಟಿಕ್ಕೋ ಕೋಟಲ್ಲಿ. ಕಾಟ ಇಲ್ಲ, ಕೂಗಾಟ ಇಲ್ಲ... ಬರೀ ದಾರಿ ಕೇಳ್ತಾನೆ. ಹೇಳ್ತೀನಿ, ಹೋಗ್ತಾನೆ. ಹಸಿರು ಬಾಗಿಲವರೆಗೂ ಹೋಗ್ತಾನೆ. ಆದ್ರೆ ನಾನು ಕರೆದಿದ್ದೀನಲ್ಲ? ಮತ್ತೆ ಮಳೆ ಬಂದ ದಿನ ವಾಪಸ್ಸು. ಹನ್ನೊಂದು ವರ್ಷ ಆಯ್ತು."

"ಬರೀ 'ಹೋಗು' ಅಂದುಬಿಡಿ ಅಂಕಲ್. ಅಷ್ಟೇ ತಾನೇ?" ಎಂದಳು ಪ್ರತೀಕ್ಷಾ.

ನಾರಾಯಣಸ್ವಾಮಿ ತಣ್ಣಗಾದ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಲೀಲಾವತಿಗೆ ಅಂದೆ. ಐದು ವರ್ಷದ ಕೆಳಗೆ, ಆಸ್ಪತ್ರೇಲಿ, ಕೈ ಹಿಡ್ಕೊಂಡು. ಇನ್ನೊಂದು ಸಲ ತಪ್ಪು ಮಾಡಬಾರದು ಅಂತ ನಾಲಿಗೆ ಬಿಗಿಹಿಡಿದು ಬರೀ 'ಹೋಗು' ಅಂದೆ. ಹೋದಳು... ಕನಸಿಗೂ ಬರಲಿಲ್ಲ ಕಣಮ್ಮ."

ಮಿಥುನ್ ಗಡಿಯಾರ ನೋಡಿದ. ನಾಲ್ಕಾಗಿತ್ತು.

"ಜನವರಿ ಆದ್ಮೇಲೆ ಇಲ್ಲಿ ಬೇರೆಯೋರಿರ್ತಾರೆ. ಅವನು ಬರ್ತಾನೆ, ದಾರಿ ಹೇಳೋರಿಲ್ಲ. ಅದಕ್ಕೇ ಇವತ್ತು ಅಂದೇಬಿಡ್ತೀನಿ ಅಂತ ಬೆಳಿಗ್ಗೆಯಿಂದ ಬಾಯಿಪಾಠ ಮಾಡ್ತಿದ್ದೀನಿ."

"ಇವತ್ತಾ?" ಎಂದ ಮಿಥುನ್.

"ಮತ್ತೆ? ಇಷ್ಟು ಹೊತ್ತು ಆ ದಾರೀನ ತಿರುವು ತಿರುವೂ ಬಿಡಿಸಿ ಹೇಳಿದ್ದು... ನಿಮಗೆ ಅಂದ್ಕೊಂಡ್ರಾ?"

ನಾರಾಯಣಸ್ವಾಮಿ ಅವರಿಬ್ಬರ ತಲೆಯ ಮೇಲಿಂದ ಮೆಟ್ಟಿಲಿನ ಕಡೆ ನೋಡುತ್ತಿದ್ದರು. ಪ್ರತೀಕ್ಷಾ ತಿರುಗಲಿಲ್ಲ. ಅವಳ ಕತ್ತಿನ ಹಿಂದೆ ತಣ್ಣಗಾಯಿತು.

"ಹೋಗು," ಎಂದರು ಮುದುಕರು.

ಅಲ್ಲಿಗೇ ನಿಲ್ಲಿಸಲಿ ಎಂದು ಅವಳು ಕಾದಳು. ಮಳೆಯ ಸದ್ದು ಕೂಡ ದೂರ ಸರಿದಂತಿತ್ತು. ಅವರ ಕಣ್ಣು ತುಂಬಿತು.

"ಹೋಗು, ಮಾರ್ಟಿನ್..." ಎಂದರು. "ಹೋಗಿ ಬಾ."