ಅಗ್ರಿಲಿ ದಂಡೆಯಲ್ಲಿ ದೋಣಿ ಹತ್ತಿದವಳು

ನಗೋದಾದರೆ ಈಗಲೇ ನಕ್ಕುಬಿಡಿ. ಆರ್ಗಿರೊ ನನ್ನ ದೊಡ್ಡಮ್ಮನ ಮಗಳು. ಅವಳಿಗೆ ಸಿಟ್ಟು ಬರುತ್ತೆ, ಸುಳ್ಳು ಬರಲ್ಲ.

ಆ ರಾತ್ರಿ ಅವಳು ಅಗ್ರಿಲಿ ದ್ವೀಪದ ಹಾಳು ಬಾವಿ ದಾಟಿ ಒಬ್ಬಳೇ ದಂಡೆಗೆ ಇಳಿಯುತ್ತಿದ್ದಳು. ಸೊಂಟದ ಮೇಲೆ ಎಂಜಲು ತಟ್ಟೆಗಳ ಬುಟ್ಟಿ. ತಟ್ಟೆಗೆ ತಟ್ಟೆ ತಾಗಿ ಕಿಣಿ... ಕಿಣಿ... ಅಗ್ರಿಲಿಯಲ್ಲಿ ಈಗ ಜನ ಇಲ್ಲ. ಬಾವಿ ಇದೆ, ಸೂರಿಲ್ಲದ ಒಂದು ಗುಡಿ ಇದೆ, ಅಷ್ಟೆ. ನಮ್ಮ ಮೀನುಗಾರರು ಅಲ್ಲಿ ರಾತ್ರಿ ಲಂಗರು ಹಾಕಲ್ಲ.

ಆದರೆ ಬಾಡಿಗೆ ಹಡಗಿನವರಿಗೆ ಬೇಕಲ್ಲ! ಆರ್ಗಿರೊ ಅಂಥದೊಂದು ಐಷಾರಾಮಿ ವಿಹಾರದ ಹಡಗಿನಲ್ಲಿ ಅಡುಗೆಯವಳು. ಗಂಡ ಸ್ತಮಾತಿಸ್ ಕ್ಯಾಪ್ಟನ್. ಆ ವಾರ ಬಂದವರು ಬೆಲ್ಜಿಯಂ ಕಡೆಯ ವೆರ್ಹೇಗನ್ ಗಂಡ ಹೆಂಡತಿ. ಒಂದು ದ್ವೀಪದಲ್ಲಿ ಗಾಳಿ ಜಾಸ್ತಿ. ಇನ್ನೊಂದರಲ್ಲಿ ಗಾಳಿಯೇ ಇಲ್ಲ ಅಂತ ತಕರಾರು. ಇವಳು ಮೀನನ್ನು ಬಾಣಲೆಗೆ ಬಿಡೋದಕ್ಕೂ "ಕ್ಯಾಪ್ಟನ್, ಬೇರೆ ಕಡೆ ಹೋಗೋಣ" ಅಂತ ಅವರು ಅನ್ನೋದಕ್ಕೂ ಸರಿಹೋಗುತ್ತಿತ್ತು. ಈಗ ಹಾಳು ಗುಡಿಯ ಪಕ್ಕ ಊಟ ಬಡಿಸಬೇಕಂತೆ, ಮೋಂಬತ್ತಿ ಬೆಳಕಲ್ಲಿ.

"ಆಗಲ್ಲ ಅನ್ನೋಕೆ ನಿನ್ನ ನಾಲಿಗೆಗೆ ಏನು ಬಂದಿದೆಯೋ?" ಅಂದಿದ್ದಳು ಗಂಡನಿಗೆ.

"ಬಾಯ್ಮುಚ್ಕೊಂಡು ಬೇಯಿಸೇ. ಶನಿವಾರ ಇಳಿದು ಹೋಗ್ತಾರೆ."

ಅಷ್ಟೇ. ಆಮೇಲೆ ಅವಳು ಅವನ ಜೊತೆ ಒಂದೇ ಒಂದು ಮಾತೂ ಆಡಿರಲಿಲ್ಲ.

ಊಟ ಮುಗಿದ ಮೇಲೆ ಸ್ತಮಾತಿಸ್ ಸಣ್ಣ ರಬ್ಬರ್ ದೋಣಿಯಲ್ಲಿ ಅತಿಥಿಗಳನ್ನು ಹಡಗಿಗೆ ಮುಟ್ಟಿಸಲು ಹೋದ. ಇವಳು ಪಾತ್ರೆ ತುಂಬಿಕೊಂಡು ಬಾವಿಯ ಹತ್ತಿರ ಬರುವಾಗ ಕೆಳಗೆ ದೋಣಿಯ ಸದ್ದು ಕೇಳಿತು. ಡುರ್‌ರ್... ಬಂತು. ನಿಂತಿತು. ಮತ್ತೆ ಡುರ್‌ರ್... ಹೊರಟೇ ಹೋಯಿತು!

'ಇವನ ಮನೆ ಹಾಳಾಗ! ಆ ಬೆಲ್ಜಿಯಂ ಯಮ್ಮ ದಂಡೇಲಿ ಶಾಲು ಮರೆತಿರಬೇಕು, ಅದನ್ನ ಕೊಡೋಕೆ ಓಡಿದಾನೆ' ಅಂದುಕೊಂಡಳು. ದಂಡೆಯ ಕಲ್ಲಿನ ಮೇಲೆ ಕೂತಳು. ಕಲ್ಲುಸಂದಿಗೆ ನೀರು ನುಗ್ಗಿ ಗುಳುಕ್... ಗುಳುಕ್... ದೋಣಿ ಬರಲಿಲ್ಲ. ಸೊಂಟದಲ್ಲಿ ವಾಕಿಟಾಕಿ ಇತ್ತು. 'ನಾನ್ಯಾಕೆ ಮೊದಲು ಮಾತಾಡಲಿ?' ಅಂತ ಮುಟ್ಟಲಿಲ್ಲ. ಚಳಿ ಹತ್ತಿತು. ಕೊನೆಗೆ ಒತ್ತಿದಳು.

"ನನ್ನನ್ನ ಇಲ್ಲೇ ಬಿಟ್ಟು ಮಲಗಿಬಿಡ್ತೀಯೇನೋ?"

ಕರ್‌ರ್... "ಎಲ್ಲಿಂದ ಮಾತಾಡ್ತಿದೀಯ?"

"ಸುಡುಗಾಡಿಂದ! ದಂಡೆ ಮೇಲಿದೀನಿ."

"ತಮಾಷೆ ಸಾಕು ಕಣೇ. ಈಗ ತಾನೆ ಕರ್ಕೊಂಡು ಬಂದೆನಲ್ಲ. ಕೆಳಗೆ ಪಾತ್ರೆ ತೊಳೀತಿದೀಯ, ಇಲ್ಲಿಗೇ ಕೇಳಿಸ್ತಿದೆ."

ಆರ್ಗಿರೊ ಹಡಗಿನ ಕಡೆ ನೋಡಿದಳು. ನಕ್ಷತ್ರ ಕಾಣಬೇಕೆಂದು ಅತಿಥಿಗಳು ದೀಪ ಎಲ್ಲ ಆರಿಸಲು ಹೇಳಿದ್ದರು. ಉರಿಯುತ್ತಿದ್ದದ್ದು ಒಂದೇ ಕಿಟಕಿ... ಅಡುಗೆಮನೆಯದು. ಅದರ ಮುಂದೆ ಯಾರೋ ಹಾದರು.

"ಸ್ತಮಾತಿಸ್... ಮುಖ ನೋಡಿದ್ಯಾ?"

ಅವನು ಪಿಸುಗುಟ್ಟಿದ. "ಕತ್ತಲು... ನನಗೆ ಬೆನ್ನು ಮಾಡಿ ಕೂತಿದ್ಲು. ಮಾತಾಡಿಸಿದೆ, ಉತ್ತರ ಇಲ್ಲ. ನೀನು ಸಿಟ್ಟಲ್ಲಿದೀಯ ಅಂದ್ಕೊಂಡೆ."

ಭಯಕ್ಕಿಂತ ಮೊದಲು ಅವಳಿಗೆ ಬಂದದ್ದು ಕೋಪವಂತೆ. ಇಷ್ಟು ವರ್ಷ ಜೊತೆಗೆ ಬಾಳಿದ ಗಂಡಸಿಗೆ, ದೋಣಿಯಲ್ಲಿ ಕೂತವಳು ಹೆಂಡತಿ ಹೌದೋ ಅಲ್ಲವೋ ಗೊತ್ತಾಗಬೇಡವೇ!

ವಾಕಿಟಾಕಿಯಲ್ಲಿ ನಲ್ಲಿಯ ಸೊರ್... ಸದ್ದು. ಅದು ನಿಂತಿತು. ಆಮೇಲೆ ಮರದ ಮೆಟ್ಟಿಲು. ಕಿರ್... ಕಿರ್...

"ಮೇಲೆ ಬರ್ತಿದಾಳೆ ಕಣೇ..."

"ತಿರುಗಿ ನೋಡ್ಬೇಡ. ಅವರಿಬ್ಬರನ್ನೂ ಎಬ್ಬಿಸು!"

"ಎಬ್ಬಿಸಿ ಏನಂತ ಹೇಳ್ಲಿ?"

ಇವಳು ವಾಕಿಟಾಕಿಯನ್ನು ಕಿವಿಗೆ ಒತ್ತಿಕೊಂಡಳು. ಹೆಜ್ಜೆಗಳು ಅವನ ಬೆನ್ನ ಹಿಂದೆಯೇ ಹಾದು, ಅತಿಥಿಗಳ ಕೋಣೆಯ ಕಡೆ ಹೋದವು. ಬಾಗಿಲು ಟಕ್ ಟಕ್ ಅಂದಿತು. ಏನೋ ಮೆಲ್ಲನೆ ಮಾತು... ಆಮೇಲೆ ಏನೂ ಇಲ್ಲ. ಸ್ತಮಾತಿಸ್ ಎಲ್ಲ ದೀಪ ಹಾಕಿ ಮೂಲೆಮೂಲೆ ಹುಡುಕಿದ. ಯಾರೂ ಇಲ್ಲ. ಅತಿಥಿಗಳು ಬಾಗಿಲು ತೆರೆದು, "ಕ್ಯಾಪ್ಟನ್, ದೀಪ ಆರಿಸ್ತೀರಾ?" ಅಂತ ರೇಗಿದರು. ಅವನು ಹೋಗಿ ಹೆಂಡತಿಯನ್ನು ಕರೆತಂದ. ಹತ್ತಿಸಿಕೊಳ್ಳುವ ಮೊದಲು ಅವಳ ಮುಖಕ್ಕೆ ಟಾರ್ಚ್ ಬಿಟ್ಟು ನೋಡಿದ. ಅದಕ್ಕೂ ಬೈಸಿಕೊಂಡ.

ಅಡುಗೆಮನೆಯಲ್ಲಿ ಅವಳು ತೊಳೆಯದೆ ಬಿಟ್ಟುಹೋಗಿದ್ದ ಮಧ್ಯಾಹ್ನದ ಪಾತ್ರೆಗಳನ್ನು ಯಾರೋ ತೊಳೆದು ಬೋರಲು ಹಾಕಿದ್ದರು. ಆರ್ಗಿರೊ, ಸ್ತಮಾತಿಸ್ ಇಬ್ಬರೂ ಬೆಳಗಿನತನಕ ಮೇಲೆಯೇ, ಒಂದೇ ಕಂಬಳಿಯಲ್ಲಿ ಕೂತಿದ್ದರು.

ಬೆಳಿಗ್ಗೆ ವೆರ್ಹೇಗನ್ ಬಂದ. "ಕ್ಯಾಪ್ಟನ್, ಇವತ್ತು ವ್ರಾಹೋಸ್ ದ್ವೀಪಕ್ಕೆ."

"ಅಲ್ಲೇನಿದೆ ಸಾರ್? ಬರೀ ಬಂಡೆ, ಮೀನುಗಾರರ ನಾಲ್ಕು ಮನೆ. ಸ್ನಾನಕ್ಕೂ ಜಾಗ ಇಲ್ಲ."

"ನಿಮ್ಮ ಮನೆಯವರೇ ರಾತ್ರಿ ಬಂದು ಕೇಳಿಕೊಂಡರಲ್ಲ? ಬಾಗಿಲಾಚೆ ನಿಂತು, ಹೇಗಾದರೂ ಅಲ್ಲಿಗೊಮ್ಮೆ ಹೋಗಿ ಅಂತ. ಅಳ್ತಾ ಇದ್ದರು, ಪಾಪ."

ಆರ್ಗಿರೊ ಬಾಯಿ ತೆರೆದಳು. ಗಂಡ ಅವಳ ಕಾಲು ಮೆಟ್ಟಿದ. ಏನಂತ ಹೇಳೋದು? ಹೊರಟರು. ಅವಳು ಅಡುಗೆಮನೆಗೆ ಇಳಿಯಲಿಲ್ಲ. ತಿಂಡಿಗೆ ಬರೀ ಬ್ರೆಡ್ಡು, ಆಲಿವ್ ಕಾಯಿ ಅಂತ ಆ ಯಮ್ಮ ದಾರಿಯುದ್ದಕ್ಕೂ ಗೊಣಗಿದಳು.

ವ್ರಾಹೋಸ್‌ನ ದೋಣಿಕಟ್ಟೆಗೆ ಹಡಗು ಕಟ್ಟಿ, ಇಳಿಯುವ ಹಲಗೆ ಹಾಕಿದರು. ವೆರ್ಹೇಗನ್ ಸುತ್ತ ನೋಡಿದ. "ಇಷ್ಟೇನಾ? ಬೇಡ, ಬೇರೆ ಕಡೆ ಹೋಗೋಣ." ಸ್ತಮಾತಿಸ್ ಹಲ್ಲು ಕಚ್ಚಿಕೊಂಡು ಹಲಗೆ ಎತ್ತಲು ಬಗ್ಗಿದ.

ಆಗ ಹಲಗೆ ನಡುವಿನಲ್ಲಿ ಕುಗ್ಗಿತು. ಮೇಲೆ ಯಾರೂ ಇಲ್ಲ. ಕ್ರೀ... ಕ್ರೀ... ಕ್ರೀ... ಸದ್ದು ಕಟ್ಟೆಯ ಕಡೆಯ ತುದಿ ಮುಟ್ಟಿದ್ದೇ ತಡ, ಹಲಗೆ ಪಟಕ್ಕನೆ ಮೇಲೆದ್ದಿತು.

ಗಾಳಿ ಅನ್ನಿ, ಅಲೆ ಅನ್ನಿ. ನಾನು ಬೇಡ ಅನ್ನಲ್ಲ. ಆದರೆ ಇದು ನಡೆದದ್ದು, ಆರ್ಗಿರೊ ಕಣ್ಣಾರೆ ಕಂಡದ್ದು. ಕಟ್ಟೆಯ ಮೇಲೆ ಒಬ್ಬ ಮುದುಕ ದಾರಿಗೆ ಅಡ್ಡ ಬಲೆ ಹರಡಿಕೊಂಡು ಹೊಲಿಯುತ್ತಿದ್ದ. ಅವನು ತಲೆ ಎತ್ತಲಿಲ್ಲ. ಬಲೆಯನ್ನು ಮಡಿಲಿಗೆ ಎಳೆದುಕೊಂಡ, ಚಾಚಿದ್ದ ಕಾಲು ಮಡಚಿದ. ಯಾರೋ ದಾಟಿ ಹೋಗುವಷ್ಟು ಹೊತ್ತು ತಡೆದ. ಆಮೇಲೆ ಬಲೆಯನ್ನು ಮತ್ತೆ ಹರಡಿ ಹೊಲಿಯತೊಡಗಿದ.