ದೋಣಿಯ ಬಿರಡೆ

ಅಕ್ಟೋಬರ್ ಬಂತೆಂದರೆ ಸಾಯ್ಮಾ ಸರೋವರದ ದಂಡೆಯಲ್ಲಿರುವ ದೋಣಿ ಸಾಮಾನಿನ ಅಂಗಡಿಯಲ್ಲಿ ಕ್ಯೂ ಕರಗುವುದಿಲ್ಲ. ಹಿಮ ಬೀಳುವ ಮೊದಲು ದೋಣಿಯನ್ನು ದಡಕ್ಕೆಳೆದು ಟಾರ್ಪಾಲು ಹೊದಿಸುವ ಅವಸರ ಎಲ್ಲರಿಗೂ. ನನ್ನ ಮುಂದೆ ಹಿಲ್ಕಾ ಮತ್ತು ಅವಳ ಮೈದುನ ಇಲ್ಪೊ ನಿಂತಿದ್ದರು. ಪೆಟ್ರೋಲ್ ಕೆಡದಂತೆ ಬೆರೆಸುವ ಔಷಧಿಯ ಸಣ್ಣ ಬಾಟಲಿ ಅವನ ಕೈಯಲ್ಲಿತ್ತು.

“ಇದು ಅರ್ಧ ಟ್ಯಾಂಕಿಗಷ್ಟೇ ಆಗೋದು ಕಣಪ್ಪ. ನಾನು ಪೂರ್ತಿ ತುಂಬಿಸ್ಬೇಕು.”

“ಯಾಕತ್ತಿಗೆ? ಬೇಸಿಗೇಲಿ ಓಡಿಸೋರು ಯಾರು? ಹೇಗಿದ್ರೂ ಮಾರೋ ದೋಣಿ.”

“ಮಾರ್ತೀನಿ ಅಂತ ನಾನು ಹೇಳಿದ್ನಾ?”

“ಡಾಕ್ಟರು ಹೇಳಿದ್ದು ನೀವೂ ಕೇಳಿಸ್ಕೊಂಡ್ರಲ್ಲ.”

“ಕೇಳಿಸ್ಕೊಂಡೆ. ಟ್ಯಾಂಕ್ ತುಂಬಿಸಿದ್ಯಾ, ಅರ್ಧ ಬಿಟ್ರೆ ಒಳಗೆ ನೀರು ಕೂರುತ್ತೆ ಅಂತ ನಿಮ್ಮಣ್ಣ ದಿನಾ ಕೇಳ್ತಾರೆ.”

“ಹೂಂ ಅಂದ್ಬಿಡಿ.”

“ಅವ್ರ ಹತ್ರ ನನ್ನ ಸುಳ್ಳು ಯಾವತ್ತು ನಡೆದಿದೆ?”

ಇಲ್ಪೊ ನಕ್ಕ. “ತಳದ ಬಿರಡೆ ತೆಗೆದ್ರಾ? ಇಲ್ಲಾಂದ್ರೆ ಹಿಮ ಕರಗಿದ ನೀರು ದೋಣಿ ಒಳಗೇ ನಿಲ್ಲುತ್ತೆ.”

“ತೆಗೆದೆ.”

“ಎಲ್ಲಿಟ್ರಿ? ಒಂದ್ಸಲ ಅದನ್ನ ಹಾಕದೆ ದೋಣಿ ಇಳಿಸಿ ಮುಳುಗಿಸಿದ್ನಲ್ಲ ಅಣ್ಣ, ಅವತ್ತಿಂದ ಚಳಿಗಾಲ ಪೂರ್ತಿ ಕೋಟಿನ ಜೇಬಲ್ಲೇ ಇಟ್ಕೊಂಡಿರ್ತಿದ್ದ.”

“ಆಸ್ಪತ್ರೆ ಬಟ್ಟೇಲಿ ಜೇಬಿಲ್ಲ. ಮುಷ್ಟೀಲಿ ಹಿಡ್ಕೊಂಡಿದಾರೆ. ನರ್ಸ್ ಕೇಳಿದ್ರೂ ಕೊಡ್ಲಿಲ್ಲ. ಮೇ ತಿಂಗಳಲ್ಲಿ ಬೇಕಾಗುತ್ತೆ ಅಂದ್ರು.”

ಅವರ ಸರದಿ ಬಂತು. ಇಲ್ಪೊ ಕ್ಯೂ ಬಿಟ್ಟು ಹೋಗಿ, ಸಣ್ಣ ಬಾಟಲಿಯನ್ನು ಕಪಾಟಿನಲ್ಲಿಟ್ಟು ದೊಡ್ಡದನ್ನು ತಂದ.